ಕೌದಿಯಲ್ಲಿ ಸುತ್ತಿ ತಂದ ಎಂಜಿನ್ ಹೆಡ್ಡು

ರಾಯಚೂರು: ಗಂಜಿನ ಹಿಂದಿನ ಶೆಡ್ಡು

ಲಂಕೆಗೆ ಹೋಗಿ ಬಂದವರು ಲವಂಗ ತರುತ್ತಾರೆ, ನೈಲಾನ್ ಸೀರೆ ತರುತ್ತಾರೆ, ಭಕ್ತರಾದರೆ ಬೋಧಿವೃಕ್ಷದ ಒಂದೆರಡು ಎಲೆಯನ್ನು ಪುಸ್ತಕದ ನಡುವೆ ಇಟ್ಟುಕೊಂಡು ತರುತ್ತಾರೆ. ನಾನು ಮತ್ತು ನಮ್ಮಜ್ಜಿ ಎಲೆಯನ್ನೂ ತಂದೆವು, ಅದರ ಜೊತೆಗೆ ಎರಡು ಕೂಸಿನಷ್ಟು ಭಾರದ ಕಬ್ಬಿಣವನ್ನೂ ತಂದೆವು. ಎಲೆ ನೋಡಲು ಮನೆಗೆ ನಾಲ್ಕು ಜನ ಬಂದರು. ಕಬ್ಬಿಣ ನೋಡಲು ಓಣಿಗೆ ಓಣಿಯೇ ಬಂತು. ಹಾಗಾಗಿ ನನ್ನ ಈ ಏಕಮಾತ್ರ ವಿದೇಶ ಪ್ರವಾಸದ ಕಥೆಯಲ್ಲಿ ಕಬ್ಬಿಣದ ಮಾತು ಹೆಚ್ಚಾದರೆ ಯಾರೂ ಬೇಸರಿಸಬಾರದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ದೇವದುರ್ಗದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ರಾಯಚೂರಿನಲ್ಲಿದ್ದ ನಮ್ಮ ದೊಡ್ಡಪ್ಪ ಮಲ್ಲಪ್ಪನ ಹತ್ತಿರ ಒಂದು ವಿಲಾಯತಿ ಪಿಕಪ್ ಗಾಡಿ ಇತ್ತು. ಯಾರೋ ಕಾಲುವೆ ಕೆಲಸದ ಗುತ್ತಿಗೆದಾರರು ಬಳಸಿ, ಹಿಂಡಿ, ಹಿಪ್ಪೆ ಮಾಡಿ ಹರಾಜಿಗೆ ಹಾಕಿದ್ದನ್ನು ದೊಡ್ಡಪ್ಪ ಹಿಡಿದು ತಂದಿದ್ದ. ಮುಂದೆ ಇಬ್ಬರು ಕೂರುವ ಡಬ್ಬಿ, ಹಿಂದೆ ತೆರೆದ ಬಾಡಿ. ದೇವದುರ್ಗದ ಕಡೆಯಿಂದ ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಹತ್ತಿ, ರಾಯಚೂರಿನಿಂದ ಮಾನ್ವಿಗೆ ಅಕ್ಕಿ ಚೀಲ, ಭಾನುವಾರಗಳಂದು ನಮ್ಮೂರು ಅರಕೇರಾದಿಂದ ನಮ್ಮ ಜನ. ಮೂರೂ ಒಂದೇ ಬಾಡಿಯಲ್ಲಿ ಬರುತ್ತಿದ್ದರಿಂದ ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ತಲೆಯ ಮೇಲೆ ಯಾವಾಗಲೂ ಸ್ವಲ್ಪ ಹತ್ತಿ ಇರುತ್ತಿತ್ತು.

ಈ ಗಾಡಿ ನಮ್ಮ ಕೇರಿಗೆ ಬಂದ ಮೊದಲನೆಯದು. ಅದಕ್ಕೂ ಮೊದಲು ಅಜ್ಜಿ ಬೇರೆಯವರ ಬಂಡಿ ಹತ್ತಿದ್ದು ಅಪರೂಪ. ಹತ್ತಿದಾಗಲೂ ಎಲ್ಲಿ ಕೂರಬೇಕೆಂದು ಬಂಡಿಯವರೇ ಕೈ ತೋರಿಸುತ್ತಿದ್ದರು. ಆ ಕೈ ಯಾವಾಗಲೂ ಬಂಡಿಯ ಹಿಂದಿನ ಅಂಚಿನ ಕಡೆಗೇ ಹೋಗುತ್ತಿತ್ತು. ಪಿಕಪ್ ಬಂದ ದಿನ ದೊಡ್ಡಪ್ಪ ತಾಯಿಗೆ, "ಯವ್ವಾ, ನಿನಗೆಲ್ಲಿ ಬೇಕು ಅಲ್ಲಿ ಕೂಡು" ಅಂದ. ಅಜ್ಜಿ ಬಾಡಿಯೊಳಗೆ ಒಂದು ಸುತ್ತು ಹಾಕಿದಳು. ಇಲ್ಲಿ ಬೆನ್ನು ಕೊಟ್ಟು ನೋಡಿದಳು, ಅಲ್ಲಿ ಬೆನ್ನು ಕೊಟ್ಟು ನೋಡಿದಳು. ಪಕ್ಕದ ತಗಡಿಗೆ ಹಗ್ಗ ಕಟ್ಟುವ ಕೊಂಡಿಗಳಿದ್ದವು, ಅವುಗಳ ಬೋಲ್ಟುಗಳು ಒಳಗೆ ಚಾಚಿಕೊಂಡು ಕೂತವರ ಬೆನ್ನಿಗೆ ಚುಚ್ಚುತ್ತಿದ್ದವು. ಕಡೆಗೆ ಎಡಗಡೆ ನಡುಮಧ್ಯದಲ್ಲಿ ಅವಳಿಗೆ ಒಪ್ಪುವ ಜಾಗ ಸಿಕ್ಕಿತು. ಅಂದಿನಿಂದ ಅದು ಅಜ್ಜಿಯ ಜಾಗ. ಅಲ್ಲಿ ಹತ್ತಿ ಚೀಲ ಇಟ್ಟರೂ ಅವಳಿಗೆ ಸಿಟ್ಟು ಬರುತ್ತಿತ್ತು.

ಈ ಬಾಡಿಯ ಉದ್ದ ಏಳು ಅಡಿ. ಅಷ್ಟರ ಬಗ್ಗೆ ತಕರಾರಿಲ್ಲ. ತಕರಾರು ಇದ್ದದ್ದು ಅದು ವಿಲಾಯತಿಯಿಂದ ಬರುವಾಗ ಎಷ್ಟು ಅಡಿ ಇತ್ತು ಅನ್ನುವುದರ ಬಗ್ಗೆ. ಎಂಜಿನ್ ನೋಡಿಕೊಳ್ಳುತ್ತಿದ್ದ ಖಾಜಾ ಮೇಸ್ತ್ರಿಯ ಶೆಡ್ಡು ಗಂಜಿನ, ಅಂದರೆ ಹತ್ತಿ-ಕಾಳಿನ ಮಾರುಕಟ್ಟೆಯ, ಹಿಂದೆ ಇತ್ತು. ಅಲ್ಲಿ ದಿನಾ ಸಂಜೆ ಚಹಾದ ಹೊತ್ತಿಗೆ ಈ ವ್ಯಾಜ್ಯ ಶುರುವಾಗುತ್ತಿತ್ತು. ಮೊದಲು ಆರು ಅಡಿ ಇತ್ತು, ಯಾರೋ ನಡುವೆ ತಗಡು ಸೇರಿಸಿ ಉದ್ದ ಮಾಡಿದ್ದಾರೆ ಎಂದು ದೊಡ್ಡಪ್ಪ. ಮೊದಲು ಎಂಟು ಅಡಿ ಇತ್ತು, ಯಾರೋ ಕಡಿದು ಮೋಟು ಮಾಡಿದ್ದಾರೆ ಎಂದು ಮೇಸ್ತ್ರಿ. ಗಾಡಿಯ ಮೈಯೆಲ್ಲ ತೇಪೆ, ತೇಪೆಯ ಮೇಲೆ ಬಣ್ಣ, ಬಣ್ಣದ ಮೇಲೆ ಮತ್ತೆ ತೇಪೆ ಇದ್ದದ್ದರಿಂದ ಇಬ್ಬರಿಗೂ ಸಾಕ್ಷಿಯಿಲ್ಲ. ಗಾಡಿ ಮೂಲದಲ್ಲಿ ಸಣ್ಣದಾದರೆ ಭಾರ ಕಡಿಮೆ ಹೇರಬೇಕು, ದೊಡ್ಡದಾದರೆ ಧಾರಾಳವಾಗಿ ಹೇರಬಹುದು ಎಂಬ ಒಂದು ನೆಪ ಇತ್ತು, ನಿಜ. ಆದರೆ ನನ್ನ ಲೆಕ್ಕದಲ್ಲಿ ಇಬ್ಬರಿಗೂ ಬೇಕಾಗಿದ್ದದ್ದು ವ್ಯಾಜ್ಯ ಮಾತ್ರ.

ಹೀಗಿರುವಾಗ ಎಂಜಿನ್ನಿನ ಹೆಡ್ಡು ಸೀಳಿತು. ಹೆಡ್ಡು ಅಂದರೆ ಎಂಜಿನ್ನಿನ ಮೇಲೆ ಕೂರುವ ಎರಕದ ಕಬ್ಬಿಣದ ಮುಚ್ಚಳ. ಮೇಸ್ತ್ರಿ ಬೆಸುಗೆ ಹಾಕಿದ, ಮತ್ತೆ ಸೀಳಿತು. ಮತ್ತೆ ಹಾಕಿದ, ಪಕ್ಕದಲ್ಲಿ ಸೀಳಿತು. ಹೈದರಾಬಾದು, ಮುಂಬಯಿ ಎಲ್ಲ ಕಡೆ ಹೇಳಿ ಕಳಿಸಿದರೂ ಆ ಕಾಲದ ಹೆಡ್ಡು ಸಿಗಲಿಲ್ಲ. ಗಾಡಿ ಶೆಡ್ಡಿನ ಮುಂದೆ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಮಾನ್ವಿಯ ಗುಜರಿ ವ್ಯಾಪಾರಿಯೊಬ್ಬ ವಾರಕ್ಕೊಮ್ಮೆ ಬಂದು ಟಾಯರು ಒದ್ದು ನೋಡಿ ಹೋಗುವುದು ಶುರುವಾಯಿತು. ಅವನು ಬಂದ ದಿನ ದೊಡ್ಡಪ್ಪ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಸಮಾಜದ ಕೆಲವು ಮನೆಯವರು ಸೇರಿ ಅನುರಾಧಪುರದ ಬೋಧಿವೃಕ್ಷ ನೋಡಲು ಲಂಕೆಗೆ ಹೊರಟರು. ಅಜ್ಜಿ ಹೋಗುತ್ತೇನೆಂದು ಹಟ ಹಿಡಿದಳು, ಅವಳ ಕೈ ಹಿಡಿಯಲು ನಾನು. ಸುದ್ದಿ ಕೇಳಿದ್ದೇ ಖಾಜಾ ಮೇಸ್ತ್ರಿ ಓಡಿ ಬಂದ. "ಬೇಟಿ, ಲಂಕಾದಾಗ ಇಂಥ ಗಾಡಿ ಇನ್ನಾ ಓಡಾಕತ್ತಾವಂತ ಕೇಳೀನಿ" ಎಂದು ಒಂದು ದಪ್ಪ ರಟ್ಟು ಕೈಗೆ ಕೊಟ್ಟ. ಹಳೆಯ ಹೆಡ್ಡಿನ ಮೇಲೆ ಇಟ್ಟು ಸುತ್ತಿಗೆಯಿಂದ ತಟ್ಟಿ, ತೂತಿಗೆ ತೂತು ಕತ್ತರಿಸಿದ ಅಳತೆ ಅದು. ಎಣ್ಣೆಯ ವಾಸನೆ ಘಮ್ಮೆನ್ನುತ್ತಿತ್ತು. "ಇದರ ಮ್ಯಾಲ ಇಟ್ಟು ನೋಡು. ತೂತಿಗಿ ತೂತು ಕುಂತ್ರ ತಗೊಂಡ್ ಬಾ. ಕೂಡ್ಲಿಲ್ಲಂದ್ರ ನಕ್ಕೋ."

"ತಪ್ಪಿ ದೊಡ್ಡ ಗಾಡೀದು ತಂದೀ ಮತ್ತ" ಅಂದ ದೊಡ್ಡಪ್ಪ. "ನಮ್ದು ಸಣ್ಣ ಗಾಡಿ."

"ಸಣ್ಣದಲ್ಲ ಮಲ್ಲಣ್ಣ. ದೊಡ್ಡದು. ಕಡಿದಾರ."

"ಕಡಿಯೂದು ನೀ ನೋಡೀಯೇನು?"

"ಜೋಡ್ಸೂದು ನೀ ನೋಡೀಯೇನು?"

ರೈಲಿಗೆ ಹೊತ್ತಾಯಿತೆಂದು ನಾನು ಕೂಗಬೇಕಾಯಿತು. ಸ್ಟೇಷನ್ನಿನಲ್ಲಿ ದೊಡ್ಡಪ್ಪ ಕಿಟಕಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ: "ಸಿಕ್ರ ಸಿಗಲಿ, ಇಲ್ಲಂದ್ರ ಇಲ್ಲ, ಚಿಂತಿ ಮಾಡಬ್ಯಾಡ್ರಿ. ನೀವು ಬರೂತನಕ ತಡಿ ಅಂತ ಗುಜರಿಯಂವಗ ಹೇಳೀನಿ." ನಾನು ರಟ್ಟನ್ನು ಮಡಿಚಿಕೊಳ್ಳದಂತೆ ಚೀಲಕ್ಕೆ ಸೇರಿಸಿದೆ.

ರಾಮೇಶ್ವರ: ಹಡಗು ಮತ್ತು ರಟ್ಟು

ಅಜ್ಜಿ ಅಲ್ಲಿಯವರೆಗೆ ನೋಡಿದ್ದ ದೊಡ್ಡ ನೀರು ಎಂದರೆ ಮಳೆಗಾಲದ ಕೃಷ್ಣೆ. ರಾಮೇಶ್ವರದ ದಂಡೆಯಲ್ಲಿ ನಿಂತು ಸಮುದ್ರವನ್ನು ಎಡದಿಂದ ಬಲಕ್ಕೆ ಪೂರ್ತಿ ನೋಡಿದಳು. ಬಗ್ಗಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದಳು.

"ಇಷ್ಟು ನೀರು ಇಟ್ಕೊಂಡು ಉಪ್ಪು ಹಾಕಿ ಕೆಡಿಸ್ಯಾರಲ್ಲ ಯವ್ವಾ."

ಹಡಗು ಹತ್ತಿದ ಮೇಲೆ ಅವಳು ಕಲ್ಲಿನಂತೆ ಗಟ್ಟಿ. ಕೆಟ್ಟದ್ದು ನನ್ನ ಸ್ಥಿತಿ. ಹಡಗು ಅಲುಗಿದಂತೆಲ್ಲ ತಲೆ ತಿರುಗುತ್ತಿತ್ತು. ನನಗೆ ಗಾಳಿ ಬೀಸಲೆಂದು ಅಜ್ಜಿ ಚೀಲದಿಂದ ಮೇಸ್ತ್ರಿಯ ರಟ್ಟು ತೆಗೆದಳು. ಬೀಸಿದಾಗಲೆಲ್ಲ ಗಂಜಿನ ಶೆಡ್ಡಿನ ಹಳೆಯ ಎಂಜಿನ್ ಎಣ್ಣೆ ಮೂಗಿಗೆ ಹೊಡೆದು ಸಂಕಟ ಇಮ್ಮಡಿಯಾಯಿತು. ಬೇಡ ಎಂದು ಕೈಯಾಡಿಸಿದರೆ, ಸಾಲದು ಅನ್ನುತ್ತಿದ್ದಾಳೆಂದು ಇನ್ನೂ ಜೋರಾಗಿ ಬೀಸಿದಳು. ಪಕ್ಕದಲ್ಲಿದ್ದ ಒಬ್ಬ ತಮಿಳು ಹೆಂಗಸು ತೂತುತೂತಾದ ಆ ರಟ್ಟನ್ನು ಬಹಳ ಹೊತ್ತು ನೋಡಿ, ಯಾವುದೋ ಯಂತ್ರವಿರಬೇಕೆಂದು ಕಣ್ಣಿಗೊತ್ತಿಕೊಂಡಳು. ಯಂತ್ರವಂತೂ ಹೌದು, ಅವಳಂದುಕೊಂಡ ಬಗೆಯದಲ್ಲ, ಅಷ್ಟೇ.

ತಲೈಮನ್ನಾರಿನಿಂದ ಆಚೆಗೆ ರೈಲು. ನಮ್ಮ ರಾಯಚೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿ ಬೆಳೆದವಳು ನಾನು. ಅಜ್ಜಿಯ ಟವೆಲ್ಲನ್ನು ಸುತ್ತಿ ಸಿದ್ಧವಾಗಿಟ್ಟುಕೊಂಡಿದ್ದೆ. ಎಸೆದೆ ಕೂಡ. ಒಳಗಿದ್ದ ಬಿಳಿ ಅಂಗಿಯ ಯುವಕ ಅದನ್ನು ಹಿಡಿದು, ಮಡಿಸಿ, ನಾವು ಒಳಗೆ ಬಂದಾಗ ನಗುತ್ತ ವಾಪಸು ಕೊಟ್ಟು, ಎದ್ದು ತನ್ನ ಸೀಟನ್ನು ಅಜ್ಜಿಗೆ ಬಿಟ್ಟ. ಅಜ್ಜಿ ಕೂರಲಿಲ್ಲ. ಸೀಟನ್ನು ಕೈಯಿಂದ ಸವರಿದಳು.

"ಯಾಕ ಎದ್ದ ಅಂವ? ಏನಾಗ್ಯಾದ ಇದಕ್ಕ?"

"ಏನೂ ಆಗಿಲ್ಲಜ್ಜಿ. ನೀನು ಕೂಡಲಿ ಅಂತ ಎದ್ದಾನ."

"ಅಂವಗ ನಾ ಏನಾಗಬೇಕು?"

ಬಹಳ ಹೊತ್ತು ಅನುಮಾನದಿಂದಲೇ ಅಂಚಿನಲ್ಲಿ ಕೂತಿದ್ದಳು. ಮುಂದೆ ಒಂದೆರಡು ಸ್ಟೇಷನ್ ದಾಟಿದ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು ಬೆನ್ನು ಆನಿಸಿಕೊಂಡಳು. ಆ ಹುಡುಗನಿಗೆ ನಮ್ಮ ಒಣ ಜೋಳದ ಖಟಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ಅವನು ಕಚ್ಚಿದ ಸದ್ದಿಗೆ ಎದುರಿನ ಸೀಟಿನವರೆಲ್ಲ ತಿರುಗಿ ನೋಡಿದರು.

ಅನುರಾಧಪುರ: ಹುಣ್ಣಿಮೆ

ನಾವು ಹೋದ ದಿನ ಹುಣ್ಣಿಮೆ. ಲಂಕೆಯಲ್ಲಿ ಹುಣ್ಣಿಮೆ ಅಂದರೆ ಅಂಗಡಿ, ಕಚೇರಿ ಎಲ್ಲ ಬಂದ್. ಊರಿಗೆ ಊರೇ ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ತಾವರೆಯೋ ನೈದಿಲೆಯೋ ಹಿಡಿದು, ಬರಿಗಾಲಲ್ಲಿ ಬೋಧಿಯ ಕಡೆಗೆ ನಡೆಯುತ್ತಿತ್ತು. ಅಷ್ಟು ಜನ ಸೇರಿದರೂ ಗದ್ದಲವಿಲ್ಲ. ನಮ್ಮ ಕಡೆ ಹತ್ತು ಜನ ಒಂದು ಗುಡಿಗೆ ಹೋದರೆ ಮೂವರು ಕಳೆದುಹೋಗಿ ಏಳು ಜನ ಕೂಗುತ್ತಿರುತ್ತಾರೆ. ಇಲ್ಲಿ ಕೂಸುಗಳೂ ಪಿಸುಗುಟ್ಟುತ್ತಿದ್ದವು. ನಮ್ಮ ತಂಡದವರು ಮಾತ್ರ "ಚಪ್ಪಲಿ ಎಲ್ಲಿಟ್ಟಿ?" ಎಂದು ಒಬ್ಬರನ್ನೊಬ್ಬರು ಕೂಗಿ ಕೇಳಿ ಭಾರತದ ಮಾನ ಉಳಿಸಿದರು.

ಆ ಮುದಿ ಮರದ ಕೊಂಬೆಗಳಿಗೆ ಊರೆಗೋಲು ಕೊಟ್ಟಿದ್ದರು. ಅಜ್ಜಿ ಅದನ್ನೇ ನೋಡುತ್ತ ಕೈಮುಗಿದು ನಿಂತಳು. ತುಟಿ ಅಲುಗುತ್ತಿತ್ತು.

"ಏನು ಬೇಡಿದಿ ಅಜ್ಜಿ? ಬುದ್ಧನ ಹತ್ರ ಬೇಡೂ ಹಂಗಿಲ್ಲ."

"ನಾ ಯಾಕ ಬೇಡಲಿ? ಗಾಡಿ ನಿಂತದ ಅಂತ ಸುದ್ದಿ ಹೇಳಿದೆ, ಅಷ್ಟ."

ಹೊರಗೆ ಬಂದು, ಯಾತ್ರಿಕರ ಗಾಡಿಗಳು ಸಾಲಾಗಿ ನಿಂತ ಬಯಲಿನಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದಳು. "ನಮ್ ಗಾಡಿ!"

ನಮ್ಮ ಗಾಡಿಯೇ. ಅದೇ ಉಬ್ಬಿದ ಕೆನ್ನೆ, ಅದೇ ಗುಂಡು ದೀಪ. ಬಣ್ಣ ಮಾತ್ರ ಹಸಿರು, ಮೈಮೇಲೆ ಒಂದೂ ತೇಪೆಯಿಲ್ಲ. ಬಹಳ ವರ್ಷ ಹೊಸ ಗಾಡಿ ತರಿಸುವುದು ಕಷ್ಟವಾಗಿದ್ದರಿಂದ ಲಂಕೆಯವರು ಹಳೆಯ ವಿಲಾಯತಿ ಗಾಡಿಗಳನ್ನೇ ಮನೆಯ ಹಿರಿಯರಂತೆ ನೋಡಿಕೊಳ್ಳುತ್ತಾರೆಂದು ಆಮೇಲೆ ತಿಳಿಯಿತು. ಬಾನೆಟ್ಟಿನ ಸಂದಿಯಲ್ಲಿ ಮೂಗು ತೂರಿಸಿ ನಾನು ಹೆಡ್ಡು ಕಾಣುತ್ತದೆಯೇ ಎಂದು ಇಣುಕಿದೆ. ಹಿಂದೆ ಯಾರೋ ಕೆಮ್ಮಿದರು. ಬಿಳಿ ಬಟ್ಟೆಯ ದಪ್ಪ ಗೃಹಸ್ಥ, ಗಾಡಿಯ ಒಡೆಯ. ಹೆಸರು ಪಿಯದಾಸ. ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ, ರಟ್ಟು ತೋರಿಸಿ, ನಮ್ಮ ಕಥೆ ಹೇಳಿದೆ. ರಟ್ಟು ನೋಡಿದ್ದೇ ಅವರ ಕಣ್ಣು ಹೊಳೆಯಿತು. ನಮ್ಮ ಪುಣ್ಯಕ್ಕೆ ಅವರು ಕೊಲಂಬೊದಲ್ಲಿ ಹಳೆಯ ಬಿಡಿಭಾಗಗಳದೇ ವ್ಯಾಪಾರ ಮಾಡುವವರು.

"ಹೆಡ್ಡು ಇದೆಯೇ?" ಎಂದು ಕೇಳಿದೆ.

ಅವರು ರಟ್ಟನ್ನು ಮೆಲ್ಲಗೆ ವಾಪಸು ಕೊಟ್ಟರು. "ಇವತ್ತು ಹುಣ್ಣಿಮೆ. ನಾನು ಶೀಲ ತೊಗೊಂಡಿದ್ದೇನೆ. ಇವತ್ತು ನಾನು ವ್ಯಾಪಾರಿ ಅಲ್ಲ."

"ವ್ಯಾಪಾರ ಬೇಡ. ಇದೆಯೋ ಇಲ್ಲವೋ, ಅಷ್ಟು ಹೇಳಿ."

"ಇದೆ ಅಂದರೆ ಅಲ್ಲಿಗೇ ವ್ಯಾಪಾರ ಶುರುವಾಗುತ್ತದೆ, ತಾಯಿ."

ಎಂಟು ಶೀಲ, ಅಂದರೆ ಎಂಟು ವ್ರತ, ಹಿಡಿದವರು ದಿನವಿಡೀ ಮರದ ನೆರಳಿನಲ್ಲಿ ಧ್ಯಾನ, ಪಠಣ ಎಂದು ಕೂರುತ್ತಾರೆ. ಮಧ್ಯಾಹ್ನದ ಮೇಲೆ ಊಟವನ್ನೂ ಮಾಡುವುದಿಲ್ಲ. ಅವರು ಹೋಗಿ ಕಣ್ಣು ಮುಚ್ಚಿ ಕೂತರು. ನಾನು ಸ್ವಲ್ಪ ದೂರದಲ್ಲಿ ಕಣ್ಣು ಬಿಟ್ಟು ಕೂತೆ. ನನಗೆ ಸಿಟ್ಟು ನೆತ್ತಿಗೇರಿತ್ತು. ನಮ್ಮ ಗಂಜಿನ ವ್ಯಾಪಾರಿಗಳು ಹೆಣದ ಮುಂದೆ ಕೂತಾಗಲೂ ಹತ್ತಿಯ ದರ ಕೇಳುವವರು. ಈ ಮನುಷ್ಯ ಒಂದು ಹ್ಞೂಂ ಅನ್ನಲೂ ಒಲ್ಲ! ಸಂಜೆಯ ಹೊತ್ತಿಗೆ ಅಜ್ಜಿ ಅವರಿಗೆ ರೊಟ್ಟಿ ಕೊಡಲು ಹೋದಳು. ಅವರು ಹೊಟ್ಟೆ ಮುಟ್ಟಿ ತೋರಿಸಿ, ಕೈಮುಗಿದು, ಬೇಡವೆಂದರು. ಎದ್ದು ಹೋಗುವಾಗ ನನ್ನ ಹತ್ತಿರ ಬಂದು, "ಕೊಲಂಬೊಗೆ ಬಂದರೆ ಪಂಚಿಕಾವತ್ತಕ್ಕೆ ಬಂದು ಪಿಯದಾಸ ಮುದಲಾಳಿ ಎಂದು ಕೇಳಿ. ಊಟಕ್ಕೆ ಕರೆಯುತ್ತಿದ್ದೇನೆ, ವ್ಯಾಪಾರಕ್ಕಲ್ಲ" ಎಂದು ಗಂಭೀರವಾಗಿ ಹೇಳಿದರು. ಮುದಲಾಳಿ ಅಂದರೆ ಅಲ್ಲಿ ಅಂಗಡಿಯ ಯಜಮಾನ.

ಕೊಲಂಬೊ: ಸಣ್ಣದೋ ದೊಡ್ಡದೋ

ಪಂಚಿಕಾವತ್ತದಲ್ಲಿ ಅಂಗಡಿ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಗಾಡಿಗಳ ಬಾಗಿಲುಗಳು ತೋರಣದಂತೆ ತೂಗುತ್ತಿದ್ದವು, ಗೇರು ಚಕ್ರಗಳನ್ನು ಹಪ್ಪಳದಂತೆ ಒಂದರ ಮೇಲೊಂದು ಪೇರಿಸಿದ್ದರು. ಪಿಯದಾಸ ಮುದಲಾಳಿ ಎಂದು ಕೇಳಿದ್ದಕ್ಕೆ ಜನ ನಮ್ಮನ್ನು ಮೊದಲು ಟಾಯರಿನ ಪಿಯದಾಸರ ಬಳಿ, ಅಲ್ಲಿಂದ ಬ್ಯಾಟರಿಯ ಪಿಯದಾಸರ ಬಳಿ ಕಳಿಸಿದರು. ಇಬ್ಬರೂ ಚಹಾ ಕುಡಿಸಿಯೇ ಬಿಟ್ಟರು. ಹಾಲಿಲ್ಲದ ಕರಿ ಚಹಾ, ಸಕ್ಕರೆಯ ಬದಲು ಅಂಗೈಯಲ್ಲಿ ಒಂದು ತುಂಡು ಬೆಲ್ಲ, ಕಚ್ಚಬೇಕು, ಗುಟುಕರಿಸಬೇಕು. ಮೂರನೆಯ ಪಿಯದಾಸರ ಹಿತ್ತಿಲು ಸೇರುವಷ್ಟರಲ್ಲಿ ಅಜ್ಜಿ ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವುದನ್ನು ಕಲಿತಿದ್ದಳು.

ಹಿತ್ತಿಲಿನಲ್ಲಿ ನಮ್ಮ ಗಾಡಿಯ ಅಣ್ಣತಮ್ಮಂದಿರು ಐದಾರು ನಿಂತಿದ್ದವು. ಅವುಗಳ ನಡುವೆ ಇಬ್ಬರು ಗಿರಾಕಿಗಳು ಕೈಬೀಸಿ ವಾದ ಮಾಡುತ್ತಿದ್ದರು. ಭಾಷೆ ಸಿಂಹಳ. ಆದರೆ ಒಬ್ಬ ಕೈಗಳನ್ನು ಅಗಲಿಸಿ ತೋರಿಸುವುದು, ಇನ್ನೊಬ್ಬ ಆ ಕೈಗಳನ್ನೇ ಹಿಡಿದು ಹತ್ತಿರಕ್ಕೆ ತರುವುದು ನೋಡಿದರೆ ಅನುವಾದ ಬೇಕಿರಲಿಲ್ಲ.

"ಇಲ್ಲೀನೂ ಅದಾರ ನೋಡು ಇಂಥವರು" ಅಂದಳು ಅಜ್ಜಿ.

ಬಾಡಿ ಸಣ್ಣದಿದ್ದರೆ ಚೆಂದವೋ ದೊಡ್ಡದಿದ್ದರೆ ಚೆಂದವೋ ಎಂಬ ಈ ಚರ್ಚೆ ತಮ್ಮ ತಂದೆಯ ಕಾಲದಿಂದ ಈ ಹಿತ್ತಿಲಿನಲ್ಲಿ ನಡೆದಿದೆ ಎಂದರು ಪಿಯದಾಸ. ತರಕಾರಿ ತರುವ ಬೆಟ್ಟದವರಿಗೆ ತಿರುವಿನಲ್ಲಿ ಸಣ್ಣದು ಬೇಕು, ಮದುವೆಯ ಅಲಮಾರು ಸಾಗಿಸುವವರಿಗೆ ದೊಡ್ಡದು. ನಾವು ಚೀಲದಲ್ಲಿ ಅಳೆಯುತ್ತೇವೆ, ಅವರು ಅಲಮಾರಿನಲ್ಲಿ. ಸಿಟ್ಟಿನ ಮಟ್ಟ ಒಂದೇ.

ಊಟವಾಯಿತು. ತೆಂಗು ಹಾಕದ ಪದಾರ್ಥ ಎಲೆಯಲ್ಲಿ ಒಂದೂ ಇರಲಿಲ್ಲ. ಆಮೇಲೆ ಮುದಲಾಳಿಯವರು ನಿಜವಾದ ವ್ಯಾಪಾರಿಯಾದರು. ಒಳಗಿನಿಂದ ಒಂದು ಹೆಡ್ಡು ತರಿಸಿದರು. ಎಣ್ಣೆ ಒರೆಸಿ ರಟ್ಟು ಇಟ್ಟರೆ ತೂತಿಗೆ ತೂತು ಕೂತಿತು. ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಇನ್ನೊಂದು ಹೆಡ್ಡು ತರಿಸಿ ಅದರ ಪಕ್ಕಕ್ಕೆ ಇಟ್ಟರು. ಅದರ ಮೇಲೂ ರಟ್ಟು ಹಾಗೆಯೇ ಕೂತಿತು.

"ಹೊರಗಿನ ಅಳತೆ ಎರಡಕ್ಕೂ ಒಂದೇ. ಒಳಗಿನ ಗುಳಿ ಬೇರೆ. ಒಂದು ಸಣ್ಣ ಬಾಡಿಯ ಗಾಡಿಯದು, ಇನ್ನೊಂದು ದೊಡ್ಡದರದು. ನಿಮ್ಮದು ಯಾವುದು?"

ಹೊರಗೆ ಒಂದೇ ಅಳತೆ, ಒಳಗೆ ಮಾತ್ರ ಎರಡು ಬಗೆ ಎಂಬುದು ರಾಯಚೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ; ರಟ್ಟೇ ತೀರ್ಪು ಹೇಳುತ್ತದೆಂದು ನಂಬಿದ್ದೆವು. ಎಂಜಿನ್ ನಂಬರ್ ಕೇಳಿದರು. ಅದು ಸವೆದು ಎಷ್ಟೋ ಕಾಲವಾಗಿತ್ತು. ಹಳೆಯ ಹೆಡ್ಡಿನ ಗುಳಿಯೋ, ಬೆಸುಗೆಯ ಮೇಲೆ ಬೆಸುಗೆ ಬಿದ್ದು ಆಕಾರ ಕೆಟ್ಟಿತ್ತು. ಬಾಡಿಯ ಉದ್ದ ಕೇಳಿದರು. ಏಳು ಅಡಿ ಅಂದೆ. ಪಿಯದಾಸ ನಕ್ಕರು. "ಏಳು ಅಡಿಯ ಗಾಡಿಯನ್ನು ಆ ಕಂಪನಿ ಮಾಡಿಯೇ ಇಲ್ಲ. ಆರು, ಇಲ್ಲವೇ ಎಂಟು."

"ತಪ್ಪಿದ್ದನ್ನು ಕೂರಿಸಿದರೆ?"

"ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಆಮೇಲೆ ಗುಜರಿಯವನೇ ಗತಿ."

ಎರಡನ್ನೂ ಒಯ್ಯೋಣವೆಂದರೆ ಹೊರುವ ಶಕ್ತಿಯಿಲ್ಲ, ಅವರಿಗೆ ಎರಡನ್ನೂ ಕೊಡುವ ಮನಸ್ಸಿಲ್ಲ. ಅಂಥ ಹೆಡ್ಡುಗಳಿಗಾಗಿ ಅವರ ಊರಿನವರೇ ಕಾದಿದ್ದರು. ಮರುದಿನ ನಮ್ಮ ತಂಡ ಹೊರಡುವುದಿತ್ತು. ಊರಿಗೆ ಫೋನ್ ಮಾಡಿಸಿ ಕೇಳೋಣವೇ ಅಂದುಕೊಂಡೆ. ಕೇಳಿದರೆ ಏನು ಉತ್ತರ ಬರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಸಣ್ಣದು ಎಂದು ಒಬ್ಬ, ದೊಡ್ಡದು ಎಂದು ಇನ್ನೊಬ್ಬ, ಆಮೇಲೆ ಕಡಿಯುವುದು ನೀ ನೋಡೀಯೇನು, ಜೋಡಿಸುವುದು ನೀ ನೋಡೀಯೇನು. ಇಷ್ಟು ವರ್ಷ ಕಾಗೆಯ ಕೂಗಿನಂತೆ ಕೇಳಿ ಬಿಟ್ಟಿದ್ದ ಆ ಜಗಳದ ತೀರ್ಪು ಈಗ ನನ್ನ ಕೊರಳಿಗೆ ಬಿದ್ದಿತ್ತು. ದೊಡ್ಡಪ್ಪ ಹೇಳಿದ್ದನ್ನೇ ನಂಬೋಣವೆಂದರೆ, ಎಂಜಿನ್ ಬಿಚ್ಚಿ ಕಟ್ಟಿದವನು ಮೇಸ್ತ್ರಿ. ನಾನು ಎರಡು ಹೆಡ್ಡುಗಳ ನಡುವೆ ತಲೆ ಮೇಲೆ ಕೈ ಹೊತ್ತು ಕೂತೆ.

ಅಜ್ಜಿಗೆ ನಮ್ಮ ಇಂಗ್ಲಿಷ್ ಮಾತು ಅರ್ಥವಾಗದೆ ಬೇಸರ ಬಂದಿತ್ತು. ಅವಳು ಎದ್ದು ಹೋಗಿ, ಯಾರನ್ನೂ ಕೇಳದೆ, ಅಲ್ಲಿದ್ದ ಒಂದು ಸಣ್ಣ ಬಾಡಿಯ ಪಿಕಪ್ ಹತ್ತಿದಳು. ಎಡಗಡೆ ನಡುಮಧ್ಯದಲ್ಲಿ ಬೆನ್ನು ಕೊಟ್ಟು ಕೂತವಳು "ಹಾಯ್" ಎಂದು ಎದ್ದಳು. ಇತ್ತ ಸರಿದು ಕೂತಳು, ಮತ್ತೆ ಎದ್ದಳು. ಕೆಳಗಿಳಿದು ಪಕ್ಕದ ದೊಡ್ಡ ಬಾಡಿ ಹತ್ತಿ ಅಲ್ಲಿಯೂ ಕೂತು, ಎದ್ದು, ಬೈದಳು.

"ಇವ್ಯಾವೂ ನಮ್ ಗಾಡಿ ಅಲ್ಲ ಯವ್ವಾ. ಎಲ್ಲಿ ಕುಂತ್ರೂ ಬೆನ್ನಿಗಿ ಚುಚ್ಚತಾವ. ನನ್ ಜಾಗಾನ ಇಲ್ಲ ಇವುಗಳಾಗ."

ನಾನು ಹೋಗಿ ನೋಡಿದೆ. ಎರಡೂ ಗಾಡಿಗಳ ಪಕ್ಕದ ತಗಡಿನಲ್ಲಿ ಕೊಂಡಿಗಳು ಗೇಣಿಗೊಂದರಂತೆ ಒಂದೇ ಸಮನಾಗಿದ್ದವು. ಈ ತುದಿಯಿಂದ ಆ ತುದಿಯವರೆಗೆ ಒಂದು ಬೆನ್ನು ಹಾಯಾಗಿ ಕೂರುವಷ್ಟು ಬಿಡುವು ಎಲ್ಲಿಯೂ ಇಲ್ಲ. ನಮ್ಮ ಗಾಡಿಯಲ್ಲಿ ಇತ್ತು. ನಡುಮಧ್ಯದಲ್ಲಿ, ಕೊಂಡಿಯಿಲ್ಲದ ಒಂದು ಬಿಡುವು, ಅಜ್ಜಿ ಸುತ್ತು ಹಾಕಿ ಹುಡುಕಿದ ಜಾಗ. ಕಡಿದರೆ ಕೊಂಡಿಗಳ ನಡುವಿನ ಅಂತರ ಕಡಿಮೆಯಾದೀತೇ ಹೊರತು ಹೆಚ್ಚಾಗಲಾರದು. ಯಾರೋ ಅಲ್ಲಿ ಒಂದು ಅಡಿ ತಗಡು ಸೇರಿಸಿದ್ದರು, ಸೇರಿಸಿದ ತಗಡಿಗೆ ಕೊಂಡಿ ಹಾಕುವ ಗೋಜಿಗೆ ಹೋಗಿರಲಿಲ್ಲ. ಅಂದರೆ ನಮ್ಮದು ಮೂಲದಲ್ಲಿ ಸಣ್ಣ ಗಾಡಿ.

ಪಿಯದಾಸರಿಗೆ ವಿವರಿಸಿದೆ. ಅವರು ಅಜ್ಜಿಯನ್ನೂ ಕೊಂಡಿಗಳನ್ನೂ ಮತ್ತೆ ಮತ್ತೆ ನೋಡಿ, ವಾದ ಮಾಡುತ್ತಿದ್ದ ಗಿರಾಕಿಗಳನ್ನು ಕರೆದು ಸಿಂಹಳದಲ್ಲಿ ಏನೋ ಹೇಳಿದರು. ಅವರಿಬ್ಬರೂ ಅಜ್ಜಿಗೆ ಕೈಮುಗಿದರು. ಅಜ್ಜಿ ಸೆರಗಿನ ಬೆಲ್ಲ ಬಿಚ್ಚಿ ಇಬ್ಬರಿಗೂ ಒಂದೊಂದು ತುಂಡು ಕೊಟ್ಟಳು. ಪಿಯದಾಸರು ಕಡೆಗೂ ಜೋಳದ ರೊಟ್ಟಿ ತಿಂದರು, ಹಲ್ಲು ಹುಷಾರು ಎಂದು ನಾನು ಮೊದಲೇ ಹೇಳಿದ್ದೆ.

ಮರಳಿ ರಾಮೇಶ್ವರ: ಕೌದಿ

ಹೆಡ್ಡನ್ನು ಅಜ್ಜಿ ಹಳೆಯ ಬಟ್ಟೆ ಸೇರಿಸಿ ಹೊಲಿದಿದ್ದ ಕೌದಿಯಲ್ಲಿ ಸುತ್ತಿ ಕಟ್ಟಿದ್ದೆವು. ಮಲಗಿದ ಕೂಸಿನಂತೆಯೇ ಕಾಣುತ್ತಿತ್ತು. ಹಡಗಿನಲ್ಲಿ ಇಬ್ಬರು ಹೆಂಗಸರು ಅದಕ್ಕೆ ಬಿಸಿಲು ಬೀಳುತ್ತಿದೆಯೆಂದು ಪಕ್ಕಕ್ಕೆ ಸರಿದು ನೆರಳು ಮಾಡಿಕೊಟ್ಟರು. ತಿದ್ದಿ ಹೇಳಲು ನನಗೆ ಮನಸ್ಸಾಗಲಿಲ್ಲ.

ರಾಮೇಶ್ವರದಲ್ಲಿ ಗಂಟು ಬಿಚ್ಚಿಸಿದ ಅಧಿಕಾರಿಗೆ ಮಾತ್ರ ತಲೆ ಕೆಟ್ಟುಹೋಯಿತು. ದಿನವಿಡೀ ಸೀರೆ, ಲವಂಗ, ಟ್ರಾನ್ಸಿಸ್ಟರ್ ನೋಡಿದ ಕಣ್ಣು ಅದು. ಮುದುಕಿಯೊಬ್ಬಳು ಸಮುದ್ರದಾಚೆಯಿಂದ ಹಳೆಯ ಕಬ್ಬಿಣ ಹೊತ್ತು ತಂದರೆ ಒಳಗೆ ಬೇರೇನೋ ಇರಲೇಬೇಕು. ಬೆರಳು ತೂರಿಸಿ ನೋಡಿದ, ಕೀಲಿಕೈಯಿಂದ ಗೀಚಿ ನೋಡಿದ, ಕಿವಿ ಇಟ್ಟೂ ನೋಡಿದ.

"ಏನಿದು, ಪಾಟಿ?"

ಪಾಟಿ ಅಂದರೆ ಅಜ್ಜಿ. ತಮಿಳು ಅರಿಯದಿದ್ದರೂ ನಮ್ಮಜ್ಜಿಗೆ ಪ್ರಶ್ನೆ ಅರ್ಥವಾಯಿತು. "ನನ್ ಜಾಗಾ" ಅಂದಳು. ನಾನು ಅನುವಾದಿಸಲಿಲ್ಲ. ಗಾಡಿಯ ಬಿಡಿಭಾಗ ಎಂದು ರಸೀದಿ ತೋರಿಸಿದೆ. ಅವನು ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಳ್ಳಲು ಏನೂ ಸಿಗದೆ ಕೌದಿಗೇ ಒರೆಸಿ ನಮ್ಮನ್ನು ಬಿಟ್ಟ.

ರಾಯಚೂರು: ಬೇವಿನ ಮರದ ಕೆಳಗೆ

ಶೆಡ್ಡಿನ ಮುಂದೆ ಗಂಟು ಬಿಚ್ಚಿದಾಗ ದೊಡ್ಡಪ್ಪ ಹೆಡ್ಡಿನ ಮೇಲೆ ಅಂಗೈ ಇಟ್ಟ. "ಸಿಕ್ತಲ್ಲವ್ವಾ" ಅಂದ. ಗುಜರಿಯವನಿಗೆ ಇನ್ನು ಬರಬೇಡವೆಂದು ಅಂದೇ ಹೇಳಿ ಕಳಿಸಿದರು. ನಾನು ಕೊಲಂಬೊದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ: ಎರಡು ಹೆಡ್ಡು, ಅಜ್ಜಿಯ ಬೆನ್ನು, ಕೊಂಡಿಯಿಲ್ಲದ ಬಿಡುವು. ನೆರೆದವರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಪ್ಪ ತೊಡೆ ತಟ್ಟಿ, "ಕೇಳಿದೇನು ಖಾಜಾಭಾಯ್? ಆರು ಅಡಿ! ನಾ ಏನ್ ಹೇಳಿದ್ದೆ?" ಅಂದ.

ಖಾಜಾ ಮೇಸ್ತ್ರಿ ಬಾಡಿಯ ಹತ್ತಿರ ಹೋದ. ಕೊಂಡಿಗಳನ್ನು ಒಂದೊಂದಾಗಿ ಮುಟ್ಟಿ, ಆ ಬಿಡುವಿನ ಹತ್ತಿರ ಗೇಣು ಹಾಕಿ ನೋಡಿದ. "ಹೌದು ಮಲ್ಲಣ್ಣ. ನೀ ಹೇಳಿದ್ದ ಖರೇ" ಅಂದ. ಅಷ್ಟೇ.

ಮರುದಿನದಿಂದ ಹೆಡ್ಡು ಕೂರಿಸುವ ಕೆಲಸ ನಡೆಯಿತು. ಮೇಸ್ತ್ರಿಯ ಕೈ ಎಂದಿನಂತೆ ಚುರುಕು, ಬಾಯಿ ಮಾತ್ರ ಬಂದ್. ಸಂಜೆ ಚಹಾ ಬಂತು, ಇಬ್ಬರೂ ಲೋಟ ಹಿಡಿದು ಕೂತರು. ದೊಡ್ಡಪ್ಪ ಬಿಸಿಲಿನ ಮಾತು ತೆಗೆದ. ಮೇಸ್ತ್ರಿ ಹ್ಞೂಂ ಅಂದ. ಹತ್ತಿಯ ಮಾತು ತೆಗೆದ. ಅದಕ್ಕೂ ಹ್ಞೂಂ. ಚಹಾ ಆರಿ ಹೋಯಿತು. ಅದರ ಮಾರನೆಯ ಸಂಜೆ ಮೇಸ್ತ್ರಿ ಕೆಲಸ ಮುಗಿಸಿ, ಚಹಾಕ್ಕೆ ನಿಲ್ಲದೆ ಮನೆಗೆ ಹೋದ. ಗೆದ್ದ ದೊಡ್ಡಪ್ಪ ಬೇವಿನ ಮರದ ಕೆಳಗೆ ಒಬ್ಬನೇ ಕೂತಿದ್ದ. ನನಗೆ ಎಂಥ ಎಡವಟ್ಟು ಮಾಡಿದೆ ಅನ್ನಿಸಿತು. ಗಾಡಿಗೆ ಹೆಡ್ಡು ತಂದು ಶೆಡ್ಡಿನ ಜೀವವನ್ನೇ ತೆಗೆದುಬಿಟ್ಟಿದ್ದೆ.

ಗಾಡಿ ಸ್ಟಾರ್ಟ್ ಮಾಡುವ ದಿನ ಓಣಿಯವರೆಲ್ಲ ಸೇರಿದರು. ಅರಕೇರಾಕ್ಕೆ ಮೊದಲ ಸುತ್ತು ಎಂದು ಅಜ್ಜಿ ಹೊಸ ಸೀರೆ ಉಟ್ಟು ಬಂದಿದ್ದಳು. ಮೇಸ್ತ್ರಿ ಹ್ಯಾಂಡಲ್ ತಿರುಗಿಸಿದ. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಸೀನಿತು, ಆಮೇಲೆ ಆ ಹಳೆಯ ಗುಡುಗುಡು ಸದ್ದು ಎದ್ದಿತು. ಜನ ಚಪ್ಪಾಳೆ ಹೊಡೆದರು. ಮೇಸ್ತ್ರಿ ಕೈ ಒರೆಸಿಕೊಂಡು, ತನ್ನ ಕೆಲಸ ಮುಗಿಯಿತೆಂಬಂತೆ ಶೆಡ್ಡಿನ ಕಡೆಗೆ ತಿರುಗಿದ.

ಆಗ ದೊಡ್ಡಪ್ಪ ಬಾಡಿಯ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಖಾಜಾಭಾಯ್, ಬಾ ಇಲ್ಲಿ ಜರಾ. ಈ ಬಿಡುವಿನ್ಯಾಗ ಮೊದ್ಲು ಒಂದು ಕೊಂಡಿ ಇದ್ದಂಗ ಕಾಣ್ತದ ನೋಡು. ಯಾರರ ಕಿತ್ತಿದ್ರೇನು?"

ಮೇಸ್ತ್ರಿ ನಿಂತ. ತಿರುಗಿ ನೋಡಿದ.

"ಆ ಲಂಕಾದಂವಗ ಎಲ್ಲಾ ಗೊತ್ತೇನು?" ಅಂದ ದೊಡ್ಡಪ್ಪ. "ಅಂವ ನಮ್ ಗಾಡಿ ನೋಡ್ಯಾನೇನು?"

ಮೇಸ್ತ್ರಿ ಹತ್ತಿರ ಬಂದು ಆ ತಗಡನ್ನು ಉಗುರಿನಿಂದ ಕೆರೆದ. ಅಲ್ಲಿ ಕೊಂಡಿಯ ಗುರುತೂ ಇರಲಿಲ್ಲ, ಏನೂ ಇರಲಿಲ್ಲ. ನನಗೆ ಕಂಡದ್ದು ಅವನಿಗೆ ಕಾಣದೆ ಇರುತ್ತದೆಯೇ? ಅವನು ದೊಡ್ಡಪ್ಪನ ಮುಖ ನೋಡಿದ. ಮೀಸೆಯ ಮೂಲೆ ಮೆಲ್ಲಗೆ ಅಲುಗಿತು.

"ಅರೆ, ನಾ ಅದನ್ನ ಹೇಳಾಕತ್ತೀನಿ ಮೊದ್ಲಿಂದ. ಕಿತ್ತಾರ. ಎಂಟು ಅಡಿದಿತ್ತು, ಕಡಿದು, ಕೊಂಡಿ ಕಿತ್ತಾರ!"

"ಕಿತ್ತಾರಂತೀ? ಕೀಳೂದು ನೀ ನೋಡೀಯೇನು?"

ಇಬ್ಬರ ದನಿಯೂ ಎಂಜಿನ್ನಿಗಿಂತ ಮೇಲಕ್ಕೆ ಹೋಯಿತು. ಯಾರೋ ಚಹಾ ತರಲು ಓಡಿದರು. ಗಾಡಿ ನಿಂತಲ್ಲೇ ಗುಡುಗುತ್ತಿತ್ತು, ಅದನ್ನು ಓಡಿಸಬೇಕೆಂಬುದು ಇಬ್ಬರಿಗೂ ಮರೆತೇಹೋಗಿತ್ತು. ಅಜ್ಜಿ ಇಬ್ಬರನ್ನೂ ಸರಿಸಿ, ನನ್ನ ಭುಜ ಹಿಡಿದು ಬಾಡಿ ಹತ್ತಿದಳು. ಎಡಗಡೆ ನಡುಮಧ್ಯದ ಆ ಬಿಡುವಿಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಳು.

"ಉದ್ದ ಎಷ್ಟರ ಇರಲಿ" ಅಂದಳು. "ನಾ ಕುಂತೀನಿ. ಗಾಡಿ ಬಿಡ್ರಿ."